ಕಾಲಿಡುವ ರೆಕ್ಕೆಗೆ ಯಾವ ಬಣ್ಣ?

ಸೆಸ್ನಾ 172ರಂಥ ವಿಮಾನದಲ್ಲಿ ರೆಕ್ಕೆ ತಲೆಯ ಮೇಲಿರುತ್ತದೆ. ನೆಲದಿಂದ ನೇರವಾಗಿ ಬಾಗಿಲಿಗೆ ಹತ್ತಬಹುದು. ಪೈಪರ್ ಪಿಎ-28, ಡೈಮಂಡ್ ಡಿಎ40, ನಮ್ಮ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ (ಎನ್‌ಎಎಲ್) ರೂಪಿಸಿದ ಹಂಸ-3, ಇವುಗಳ ರೆಕ್ಕೆ ಕೆಳಗಿದೆ. ಒಳಗೆ ಕೂರಬೇಕೆಂದರೆ ರೆಕ್ಕೆ ತುಳಿದೇ ಹೋಗಬೇಕು. ಅದಕ್ಕೇ ರೆಕ್ಕೆಯ ಬುಡದಲ್ಲಿ, ಕಾಲು ಜಾರದಂತೆ, ಒರಟು ಬಣ್ಣದ ಅಥವಾ ಟೇಪಿನ ಒಂದು ಪಟ್ಟಿ ಇರುತ್ತದೆ. ಹ್ಯಾಂಗರ್‌ನಲ್ಲಿ, ಅಂದರೆ ವಿಮಾನದ ಶೆಡ್‌ನಲ್ಲಿ, ಅದಕ್ಕೆ ವಿಂಗ್ ವಾಕ್ ಅಂತೀವಿ.

ಪಿಎ-28ಕ್ಕೆ ಪೈಲಟ್ ಹತ್ತುವ ಬಾಗಿಲು ಒಂದೇ, ಅದೂ ಬಲಗಡೆ. ವಿದ್ಯಾರ್ಥಿ, ತರಬೇತುದಾರ, ಹಿಂದಿನ ಸೀಟಿನವರು ಎಲ್ಲರೂ ಆ ಒಂದೇ ಪಟ್ಟಿಯ ಮೇಲೆ ಹಾದು ಹೋಗಬೇಕು. ಮಳೆಗಾಲದಲ್ಲಿ ಶೂಗೆ ಮೆತ್ತಿದ ಕೆಂಪು ಮಣ್ಣೂ ಜತೆಗೆ ಬರುತ್ತದೆ. ಪಟ್ಟಿ ಸವೆದಿದ್ದರೆ ಜಾರಿ ಬೀಳುವುದು ಸುಲಭ. ಬಿದ್ದವರು ಹಿಡಿದುಕೊಳ್ಳಲು ಹೋಗುವುದು ಬಾಗಿಲನ್ನೋ ಆಂಟೆನಾವನ್ನೋ. ಆಗ ಮನುಷ್ಯನಿಗೂ ಪೆಟ್ಟು, ವಿಮಾನಕ್ಕೂ ಪೆಟ್ಟು.

ಮಾಲೀಕರು ಸಾಮಾನ್ಯವಾಗಿ ಕೇಳುವುದು "ಯಾವ ಕಂಪನಿಯದು ಹಾಕ್ಸಲಿ ಸಾರ್?" ಅಂತ. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಕೆಳಗಿರುವುದು ಅಲ್ಯೂಮಿನಿಯಂ ತಗಡೋ, ಗ್ಲಾಸ್ ಫೈಬರೋ? ಮುಂದೆ ಇದನ್ನು ತೆಗೆಯುವ ದಿನ ಬಂದಾಗ ಹೇಗೆ ತೆಗೆಯುತ್ತೀರಿ? ಎರಡನೆಯ ಪ್ರಶ್ನೆಯನ್ನು ಯಾರೂ ಯೋಚಿಸಿರುವುದಿಲ್ಲ. ಆದರೆ ವಿಂಗ್ ವಾಕ್ ಎಷ್ಟೇ ಚೆನ್ನಾಗಿರಲಿ, ಕೆಲವು ವರ್ಷಕ್ಕೆ ಸವೆಯುವ ವಸ್ತು. ಅದನ್ನು ಕೆರೆದು ತೆಗೆಯುವಾಗ ರೆಕ್ಕೆಯ ಚರ್ಮಕ್ಕೆ ಆಗುವ ಗಾಯ ಮಾತ್ರ ಹಾಗೇ ಉಳಿಯುತ್ತದೆ.

ಯಾಕೆ ಇಷ್ಟು ಹೇಳುತ್ತೇನೆಂದರೆ, ಸಣ್ಣ ವಿಮಾನದ ಹೊರ ತಗಡು ಬಹಳ ತೆಳು. 0.6 ಮಿಲಿಮೀಟರ್ ಆಸುಪಾಸಿನ ತಗಡು ಅನ್ನಿ. ಸಾಮಾನ್ಯವಾಗಿ ಅದು ಆಲ್‌ಕ್ಲಾಡ್ ಆಗಿರುತ್ತದೆ. ಅಂದರೆ ಗಟ್ಟಿ ಮಿಶ್ರಲೋಹದ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ಪದರ. ಈ ಪದರ ಒಂದೊಂದು ಬದಿಗೆ ದಪ್ಪದ ಸುಮಾರು 5 ಶೇಕಡ, ಅಂದರೆ 0.03 ಮಿಲಿಮೀಟರ್ ಅಷ್ಟೇ. ಒಳಗಿನ ಲೋಹ ತುಕ್ಕು ಹಿಡಿಯದಂತೆ ಕಾಯುವುದು ಇದೇ. ಒರಟು ಪಾಲಿಶ್ ಪೇಪರ್ ಹಾಕಿದ ಸ್ಯಾಂಡರ್ ಎರಡು ನಿಮಿಷ ಒಂದೇ ಕಡೆ ಓಡಿದರೆ ಪದರ ಹೋಯಿತು. ಸ್ಟೀಲ್ ವೂಲ್‌ನಿಂದ (ಉಕ್ಕಿನ ಎಳೆಗಳ ಉಂಡೆ) ಉಜ್ಜುವುದು ಇನ್ನೂ ಕೆಟ್ಟದ್ದು. ಕಬ್ಬಿಣದ ಸಣ್ಣ ಚೂರುಗಳು ಅಲ್ಯೂಮಿನಿಯಂನಲ್ಲಿ ಕಚ್ಚಿಕೊಂಡು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್, ಸ್ಕಾಚ್-ಬ್ರೈಟ್, ತಾಳ್ಮೆ, ಈ ಮೂರು ಸಾಕು. ಹಳೇ ವಿಮಾನದ ಪ್ರೈಮರ್‌ನಲ್ಲಿ ಕ್ರೋಮೇಟ್ ಎಂಬ ರಾಸಾಯನಿಕ ಇರುವ ಸಾಧ್ಯತೆ ಜಾಸ್ತಿ. ಅದರ ಧೂಳು ಕ್ಯಾನ್ಸರ್‌ಕಾರಕ. ಒಣಗಿದ್ದನ್ನು ಉಜ್ಜಬೇಡಿ, ನೀರು ಹಾಕಿ ಉಜ್ಜಿ. ಸರಿಯಾದ ಮಾಸ್ಕ್ ಇಲ್ಲದೆ ಹುಡುಗರನ್ನು ಆ ಕೆಲಸಕ್ಕೆ ಕೂರಿಸಬೇಡಿ.

ಗ್ಲಾಸ್ ಫೈಬರ್ ರೆಕ್ಕೆಯ ಕಥೆಯೇ ಬೇರೆ. ಬಣ್ಣ ಕೀಳುವ ರಾಸಾಯನಿಕ ಅಲ್ಲಿ ಬೇಡವೇ ಬೇಡ, ಬಣ್ಣದ ಜತೆ ಫೈಬರ್ ಹಿಡಿದಿಡುವ ಅಂಟನ್ನೂ, ಅಂದರೆ ರೆಸಿನ್ನನ್ನೂ, ಮೆತ್ತಗೆ ಮಾಡಿಬಿಡುತ್ತದೆ. ಇನ್ನೊಂದು ವಿಷಯ ಬಿಸಿಲು. ಇಂಥ ವಿಮಾನಗಳಿಗೆ ಬಿಳಿ ಬಣ್ಣ ಹಚ್ಚುವುದು ಅಂದಕ್ಕಲ್ಲ, ರೆಸಿನ್ ಜಾಸ್ತಿ ಬಿಸಿಯಾಗಬಾರದು ಅಂತ. ಏಪ್ರಿಲ್ ಬಿಸಿಲಲ್ಲಿ ಕಲಬುರಗಿಯಂಥ ಊರಿನಲ್ಲಿ ನಿಂತ ವಿಮಾನದ ಕಪ್ಪು ಪಟ್ಟಿಯ ಮೇಲೆ ಕೈ ಇಟ್ಟು ನೋಡಿ, ಗೊತ್ತಾಗುತ್ತದೆ. ಹಾಗಾಗಿ ತಯಾರಕರು ಒಪ್ಪಿದ ಬಣ್ಣವನ್ನೇ ಹಾಕಿ. ತಿಳಿ ಬೂದು ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ.

ಇನ್ನು ಆಯ್ಕೆ. ಅಂಟಿಸುವ ಒರಟು ಟೇಪ್ ಸುಲಭ, ಅರ್ಧ ಗಂಟೆಯ ಕೆಲಸ. ಆದರೂ ಹೊರಗೆ ಮಳೆಯಲ್ಲಿ ನಿಲ್ಲುವ ವಿಮಾನಕ್ಕೆ ನನಗೆ ಅದು ಇಷ್ಟವಿಲ್ಲ. ಅಂಚಿನಿಂದ ನೀರು ಒಳಗೆ ಸೇರುತ್ತದೆ, ಹೊರಗೆ ಬರುವುದಿಲ್ಲ. ಒಂದು ದಿನ ಟೇಪ್ ಕಿತ್ತಾಗ ಕೆಳಗೆ ಬಿಳಿ ಪುಡಿ ಕಾಣುತ್ತದೆ, ಅದೇ ಅಲ್ಯೂಮಿನಿಯಂನ ತುಕ್ಕು. ತಗಡು ಜೋಡಿಸುವ ಮೊಳೆ, ಅಂದರೆ ರಿವೆಟ್, ಸಡಿಲವಾದರೆ ಅದರ ಸುತ್ತ ಕಪ್ಪು ಮಸಿ ಬರುತ್ತದಲ್ವಾ, ಟೇಪ್ ಅದನ್ನೂ ಮುಚ್ಚಿಡುತ್ತದೆ. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಅಥವಾ ಪಾಲಿಯುರಿಥೇನ್ ಬಣ್ಣ ತುಂಬಾ ಗಟ್ಟಿ. ವಿಮಾನದ ಪೆಟ್ರೋಲ್ (ಏವ್‌ಗ್ಯಾಸ್) ಚೆಲ್ಲಿದರೂ ತಡೆಯುತ್ತದೆ. ಆದರೆ ತೆಗೆಯುವುದು ಕಷ್ಟ. ಪಾಲಿಯುರಿಥೇನ್‌ನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಉಸಿರಾಟಕ್ಕೆ ಅಪಾಯ, ಸ್ಪ್ರೇ ಮಾಡುವವರಿಗೆ ಹೊರಗಿನಿಂದ ಗಾಳಿ ಕೊಡುವ ಮುಖವಾಡ ಬೇಕು. ತರಬೇತಿಗೆ ಓಡುವ ಅಲ್ಯೂಮಿನಿಯಂ ವಿಮಾನಕ್ಕೆ ನನ್ನ ಆಯ್ಕೆ ಇದು: ಕೆಳಗೆ ಒಳ್ಳೆಯ ಎಪಾಕ್ಸಿ ಪ್ರೈಮರ್, ಮೇಲೆ ಒಂದೇ ಡಬ್ಬಿಯ ವಿಂಗ್ ವಾಕ್ ಬಣ್ಣ. ಲೋಹವನ್ನು ಪ್ರೈಮರ್ ಕಾಯುತ್ತದೆ. ಮೇಲಿನದು ಸವೆಯಲಿ ಬಿಡಿ, ಮತ್ತೆ ಹಚ್ಚೋಣ. ಆದರೆ ಮೊದಲು ನಿಮ್ಮ ವಿಮಾನದ ಮೇಂಟೆನೆನ್ಸ್ ಮ್ಯಾನುಯಲ್ ತೆರೆದು, ಅದು ಯಾವುದನ್ನು ಒಪ್ಪಿದೆ ನೋಡಿ. ಲಾಗ್‌ಬುಕ್‌ನಲ್ಲಿ ಸಹಿ ಹಾಕುವ ಎಂಜಿನಿಯರ್ ಕೇಳುವುದೂ ಅದನ್ನೇ.

ಬಣ್ಣದೊಳಗೆ ಒರಟುತನ ಕೊಡುವ ಕಣವೂ ಮುಖ್ಯ. ಅಲ್ಯೂಮಿನಿಯಂ ಆಕ್ಸೈಡ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಮಂಡಿಯೂರಿದರೆ ಪ್ಯಾಂಟ್ ಹರಿಯುತ್ತದೆ, ಕೊಳೆಯೂ ಬೇಗ ಕೂರುತ್ತದೆ. ರಬ್ಬರ್ ಕಣ ಮೃದು. ಒಂದು ತುಂಡು ತಗಡಿನ ಮೇಲೆ ಹಚ್ಚಿ, ಒಣಗಿಸಿ, ನೀರು ಸುರಿದು ಓರೆಯಾಗಿಟ್ಟು ಶೂ ಒತ್ತಿ ನೋಡಿ. ಡಬ್ಬಿಯ ಮೇಲಿನ ಬರಹಕ್ಕಿಂತ ಆ ತಗಡು ಜಾಸ್ತಿ ಹೇಳುತ್ತದೆ.

ಹಚ್ಚುವ ದಿನದ ಕೆಲಸದಲ್ಲಿ ಮುಕ್ಕಾಲು ಪಾಲು ಸ್ವಚ್ಛತೆಯೇ. ಒಂದು ಬಟ್ಟೆಯಲ್ಲಿ ಸಾಲ್ವೆಂಟ್ (ಜಿಡ್ಡು ಕರಗಿಸುವ ದ್ರವ) ಒರೆಸಿ, ಅದು ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಿಂದ ತೆಗೆಯಿರಿ. ತಾನಾಗಿ ಆರಲು ಬಿಟ್ಟರೆ ಜಿಡ್ಡು ಅಲ್ಲೇ ಮತ್ತೆ ಕೂರುತ್ತದೆ. ಆಮೇಲೆ ಶುದ್ಧ ನೀರು ಹಾಯಿಸಿ. ನೀರು ಒಂದೇ ಹಾಳೆಯಾಗಿ ಹರಡಿದರೆ ಸರಿ. ಮಣಿಮಣಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ, ಮತ್ತೆ ಒರೆಸಿ. ತಗಡಿನ ಬಿಸಿ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆಗಿಂತ, ಕನಿಷ್ಠ 3 ಡಿಗ್ರಿ ಮೇಲಿರಬೇಕು. ಜುಲೈನಲ್ಲಿ ಮಂಗಳೂರಿನ ಕಡೆ ಗಾಳಿ 30 ಡಿಗ್ರಿ, ತೇವಾಂಶ 85 ಶೇಕಡ ಇದ್ದರೆ ಇಬ್ಬನಿ ಬಿಂದು 27ರ ಹತ್ತಿರ. ರಾತ್ರಿಯ ತಂಪು ಉಳಿದಿರುವ ರೆಕ್ಕೆಗೆ ಬೆಳಿಗ್ಗೆ ಏಳಕ್ಕೇ ಬಣ್ಣ ಹಚ್ಚಿದರೆ ಅದು ನಿಲ್ಲುವುದಿಲ್ಲ.

ಮಾಸ್ಕಿಂಗ್ ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆಯೇ ಮೊದಲು ಏಳುವುದು. ತಪಾಸಣೆಯ ಮುಚ್ಚಳ, ನೀರು ಹೋಗುವ ರಂಧ್ರ, ಗಾಳಿಯ ದ್ವಾರ ಇವುಗಳ ಮೇಲೆ ಬಣ್ಣ ಬೀಳಬಾರದು. ರೆಕ್ಕೆಯ ಮುಂಚೂಣಿಯ ಕಡೆಗೆ ಹಳೆಯ ಗೆರೆಗಿಂತ ಒಂದಿಂಚೂ ಮುಂದೆ ಹೋಗಬೇಡಿ, ಅಲ್ಲಿ ಒರಟುತನ ಗಾಳಿಯ ಹರಿವನ್ನು ಕೆಡಿಸುತ್ತದೆ. ಕಣ ತಳ ಸೇರುತ್ತಲೇ ಇರುತ್ತದೆ, ಹಾಗಾಗಿ ಹಚ್ಚುವಷ್ಟು ಹೊತ್ತೂ ಕದಡುತ್ತಿರಿ. ದಪ್ಪ ಒಂದು ಕೋಟ್‌ಗಿಂತ ತೆಳು ಎರಡು ಕೋಟ್ ಮೇಲು. ಬಣ್ಣ ಹಸಿ ಇರುವಾಗಲೇ ಟೇಪ್ ಎಳೆಯಿರಿ.

ಪಿಎ-28ರಲ್ಲಿ ಫ್ಲಾಪ್‌ನ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಗಿಳಿಯುವ ಫಲಕ) ಹತ್ತಿರ ಜಾಸ್ತಿ ಎಚ್ಚರ ಬೇಕು. ಅದರ ಬಲ ಫ್ಲಾಪ್ ಪೂರ್ತಿ ಮೇಲಿರುವಾಗ ಲಾಕ್ ಆಗಿ ಮೆಟ್ಟಿಲಿನ ಕೆಲಸ ಮಾಡುತ್ತದೆ. ಸ್ವಲ್ಪ ಇಳಿದಿದ್ದರೂ ಮನುಷ್ಯನ ಭಾರ ತಡೆಯುವುದಿಲ್ಲ. ಅದಕ್ಕೂ ಒರಟು ಬಣ್ಣ ಹಚ್ಚುವುದಾದರೆ ಫ್ಲಾಪ್ ಮತ್ತು ರೆಕ್ಕೆಯ ನಡುವಿನ ಸಂದಿಗೆ ಕಣ ಸೇರದಂತೆ ಮುಚ್ಚಿ. ಒಣಗುವವರೆಗೆ ಫ್ಲಾಪ್ ಆಡಿಸಬೇಡಿ. ಬಣ್ಣ ಗಟ್ಟಿಯಾಗಲು ಡಬ್ಬಿಯ ಮೇಲೆ ಎಷ್ಟು ದಿನ ಬರೆದಿದೆಯೋ ಅಷ್ಟು ದಿನ ಬಾಗಿಲಿಗೆ ಒಂದು ಚೀಟಿ ಕಟ್ಟಿಡಿ: ಹತ್ತಬೇಡಿ.