ಪದ ಪರಿಚಯ: ದೃಜಾವ್ನಿ ಪೊಸಾವೊ

ಸರ್ಬಿಯನ್ ಭಾಷೆಯಲ್ಲಿ ದೃಜಾವ್ನಿ ಪೊಸಾವೊ ಎಂದರೆ ಸರ್ಕಾರಿ ಕೆಲಸ. ದೃಜಾವ ಎಂದರೆ ರಾಜ್ಯ, ಸರ್ಕಾರ. ಪೊಸಾವೊ ಎಂದರೆ ಕೆಲಸ. ಮೊದಲ ಅಕ್ಷರದಲ್ಲಿ ಬೇರೆ ಸ್ವರವಿಲ್ಲ, ರಕಾರವೇ ಸ್ವರವಾಗಿ ನಿಲ್ಲುತ್ತದೆ. ರೋಮನ್ ಲಿಪಿಯಲ್ಲಿ ಓದುವವರನ್ನು ತಡವರಿಸುವಂತೆ ಮಾಡುವ ಈ ಉಚ್ಚಾರಕ್ಕೆ ನಮ್ಮ ಋಕಾರ ಸಲೀಸಾಗಿ ಒದಗುತ್ತದೆ. ದೃಜಾವ ಹುಟ್ಟಿದ್ದು ‘ಹಿಡಿ’ ಎಂಬ ಅರ್ಥದ ಕ್ರಿಯಾಪದದಿಂದ. ಅಂದರೆ ಮೂಲದಲ್ಲಿ ರಾಜ್ಯವೆಂದರೆ ಹಿಡಿತ.

ಆಡುಮಾತಿನಲ್ಲಿ ಈ ಪದಕ್ಕೆ ಎರಡು ಮುಖ. ಕೆಲಸ ಮುಂದಕ್ಕೆ ಹೋಗದು, ಪಕ್ಷದವರನ್ನು ಹಿಡಿದು ಒಳಗೆ ಸೇರಿದವರೇ ಹೆಚ್ಚು ಎಂಬ ತಾತ್ಸಾರ ಒಂದು. ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ ಎಂಬ ಆಸೆ ಇನ್ನೊಂದು. ಹಾಗೆ ಕೆಲಸ ಗಿಟ್ಟಿಸುವುದಕ್ಕೆ ‘ಉಹ್ಲೆಬಿತಿ ಸೆ’ ಎನ್ನುತ್ತಾರೆ. ಹ್ಲೆಬ್ ಅಂದರೆ ರೊಟ್ಟಿ. ತನ್ನ ರೊಟ್ಟಿಗೆ ದಾರಿ ಮಾಡಿಕೊಳ್ಳುವುದು ಎಂದು ಅರ್ಥ.

ಇದೇ ಹೆಸರಿನ ಟಿವಿ ಹಾಸ್ಯ ಸರಣಿ 2012ರ ಸೆಪ್ಟೆಂಬರ್‌ನಲ್ಲಿ ವೊಯ್ವೊದಿನ ಪ್ರಾಂತ್ಯದ ಸಾರ್ವಜನಿಕ ವಾಹಿನಿಯಲ್ಲಿ ಶುರುವಾಯಿತು. ಕಂತೊಂದು ಸುಮಾರು ಹತ್ತು ನಿಮಿಷ. ಈವರೆಗೆ ಸಾವಿರ ಕಂತು ದಾಟಿದೆ. ಕಥೆ ನಡೆಯುವುದು ನೊವಿ ಸಾದ್ ನಗರದ ಒಂದು ಸರ್ಕಾರಿ ಸಂಸ್ಥೆಯ ದಾಖಲೆ ಕೋಣೆಯಲ್ಲಿ. ಚ್ವಾರ್ಕೊವ್, ತೊರ್ಬಿತ್ಸ, ಬೊಶ್ಕಿಚ್ ಎಂಬ ಮೂವರು ಗುಮಾಸ್ತರು. ದಿಮಿತ್ರಿಯೆ ಬಾನ್ಯಾತ್ಸ್, ನಿಕೊಲ ಶ್ಕೊರಿಚ್, ದೇಯನ್ ಚಿರ್ಯಾಕೊವಿಚ್ ಇದನ್ನು ಹುಟ್ಟುಹಾಕಿದವರು, ಆ ಮೂರು ಪಾತ್ರಗಳೂ ಅವರವೇ. ಚ್ವಾರ್ಕೊವ್ ಪರಮ ಜಿಪುಣ. ಅವನ ಹೆಸರಿನಲ್ಲೇ ಊರಿನ ಅಡುಗೆಮನೆಯಿದೆ: ಚಳಿಗಾಲದಲ್ಲಿ ಹಂದಿ ಕೊಯ್ದಾಗ ಕೊಬ್ಬನ್ನು ತುಂಡು ಮಾಡಿ ದೊಡ್ಡ ಕಡಾಯಿಯಲ್ಲಿ ಕರಗಿಸಿದರೆ, ತುಪ್ಪದಂಥ ಕೊಬ್ಬು ಬಿಟ್ಟುಕೊಟ್ಟು ಉಳಿಯುವ ಗರಿಗರಿ ಚೂರುಗಳಿಗೆ ಚ್ವಾರ್ತ್ಸಿ ಎಂದು ಹೆಸರು.

ರಾಜಕೀಯ ವಿಡಂಬನೆ ಬೇಗ ಹಳಸುತ್ತದೆ. ಮಂತ್ರಿಯನ್ನು ಅಣಕಿಸಿದರೆ, ಮಂತ್ರಿ ಇಳಿದ ದಿನವೇ ನಗೆಯೂ ಇಳಿಯುತ್ತದೆ. ಇಲ್ಲಿ ಹಾಗಲ್ಲ. ಅಧಿಕಾರ ಎಲ್ಲೋ ಮೇಲಿದೆ, ಅದರ ಬಿಸಿ ಮುಟ್ಟುವುದು ಕೊನೆಯ ಮೇಜಿಗೆ. 2013ರ ಕೊನೆಯಲ್ಲಿ ಸರ್ಬಿಯ ಸಾರ್ವಜನಿಕ ವಲಯದ ಹೊಸ ನೇಮಕಾತಿಯನ್ನು ನಿಲ್ಲಿಸಿತು. ಮರುವರ್ಷ ಆ ವಲಯದ ಸಂಬಳಕ್ಕೆ 10% ಕತ್ತರಿ ಬಿತ್ತು. ಇಂಥ ಸುದ್ದಿ ಗುಮಾಸ್ತನ ಕುರ್ಚಿಗೆ ತಲುಪಿದಾಗ ಏನಾಗುತ್ತದೆ, ಅವನು ಯಾರ ಮೇಲೆ ಹರಿಹಾಯುತ್ತಾನೆ, ಯಾವುದಕ್ಕೆ ತಲೆಬಾಗುತ್ತಾನೆ ಎಂಬುದು ಸರ್ಕಾರ ಬದಲಾದರೂ ಬದಲಾಗದು. ಈ ಮೂವರನ್ನು ನೋಡಿ ನಗುವವರಲ್ಲಿ ಆ ಕುರ್ಚಿ ತನಗೂ ಸಿಗಲಿ ಎಂದು ಅರ್ಜಿ ಹಾಕಿದವರೂ ಇದ್ದಾರೆ. ಸರಣಿ ಇಷ್ಟು ವರ್ಷ ಬಾಳಿದ್ದು ಆ ಅರ್ಜಿದಾರನನ್ನು ಎಂದೂ ಹೀನಾಯ ಮಾಡದ್ದರಿಂದ ಎಂದೇ ನನ್ನ ನಂಬಿಕೆ.

ಈಗ ಕಚೇರಿಯ ವಿಚಿತ್ರ ಪ್ರಸಂಗವೊಂದನ್ನು ಕಂಡರೆ ಅಲ್ಲಿನವರು ‘ದೃಜಾವ್ನಿ ಪೊಸಾವೊದ ದೃಶ್ಯ’ ಎನ್ನುತ್ತಾರೆ. ಬರೆಯುವಾಗ ಸರಣಿಗೆ ಮೊದಲಲ್ಲಿ ದೊಡ್ಡಕ್ಷರ, ನೌಕರಿಗೆ ಚಿಕ್ಕಕ್ಷರ. ಮಾತಿನಲ್ಲಿ ಎರಡೂ ಒಂದೇ.