ಮಾವನ ತೊಡೆ ಏರಿದ ಬೆಕ್ಕು

ಹೋದ ವಾರ ಕೋಡಿಬಾಗದಿಂದ ನಿವೃತ್ತ ಶಾಲಾ ಅಕ್ಕೋರೊಬ್ಬರು ತಮ್ಮ ಬೆಕ್ಕಿಗೆ ರೇಬೀಸ್ ಚುಚ್ಚುಮದ್ದು ಹಾಕಿಸಲು ಕಾರವಾರದ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಬೆಕ್ಕು ಸಂತೆಯ ಬುಟ್ಟಿಯಲ್ಲಿ, ಮೇಲೊಂದು ಹಳೇ ಟವೆಲ್. ನಾನು ಸಿರಿಂಜ್ ತೆಗೆಯುವ ಮೊದಲೇ ಪ್ರಶ್ನೆ ಬಂತು. "ಡಾಕ್ಟ್ರೇ, ನಿನ್ನೆ ಟಿವಿಯಲ್ಲಿ ಬೆಕ್ಕೇ ಕಳ್ಳನ್ನ ಹಿಡಿದುಕೊಡ್ತು. ನಿಜವಾಗ್ಲೂ ಹಾಗಾಗ್ತದಾ?"

ಆ ಕಂತನ್ನು ನಾನೂ ನೋಡಿದ್ದೆ. ನಗೆಯ ಪತ್ತೇದಾರಿ ಕತೆ. ದೊಡ್ಡ ಮನೆ, ಕಾಣೆಯಾದ ಚಿನ್ನದ ಸರ, ಹಜಾರದಲ್ಲಿ ಆರು ಜನ. ಪತ್ತೇದಾರ ತಲೆ ಮೇಲೆ ಕೈ ಹೊತ್ತು ಕೂತಾಗ ಮನೆಯ ಬೆಕ್ಕು ಎಲ್ಲರನ್ನೂ ದಾಟಿ ಮೂಲೆಯಲ್ಲಿದ್ದ ಮಾವನ ತೊಡೆ ಏರುತ್ತದೆ. ಆ ಮಾವನಿಗೋ ಬೆಕ್ಕು ಕಂಡರಾಗದು. "ಕಳ್ಳನ ಬೆವರಿನ ವಾಸನೆ ಇದಕ್ಕೆ ಸಿಕ್ಕಿದೆ!" ಎಂದು ಪತ್ತೇದಾರ ಎದ್ದು ನಿಲ್ಲುತ್ತಾನೆ. ಮಾವ ತಪ್ಪು ಒಪ್ಪಿಕೊಳ್ಳುತ್ತಾನೆ.

ಬರೆದವರು ಬೆಕ್ಕನ್ನು ಸರಿಯಾಗೇ ನೋಡಿದ್ದಾರೆ. ಕಾರಣ ಮಾತ್ರ ತಪ್ಪು. ಐದು ಜನ ಬಗ್ಗಿ, ಕೈ ಚಾಚಿ, ಕಣ್ಣಲ್ಲಿ ಕಣ್ಣಿಟ್ಟು "ಬಾ ಬಾ" ಅಂತಿದ್ದಾರೆ. ಬೆಕ್ಕಿನ ಲೆಕ್ಕದಲ್ಲಿ ಎವೆಯಿಕ್ಕದೆ ನೋಡುವುದು ಜಗಳಕ್ಕೆ ಕರೆದ ಹಾಗೆ. ಮಾವನೊಬ್ಬ ಮುಖ ತಿರುಗಿಸಿ, ಕೈ ಕಟ್ಟಿ ಸುಮ್ನೆ ಕೂತಿದ್ದಾನೆ. ಆ ಹಜಾರದಲ್ಲಿ ಬೆಕ್ಕಿಗೆ ಅವನಷ್ಟು ಮರ್ಯಾದಸ್ಥ ಬೇರೆ ಯಾರೂ ಇಲ್ಲ! 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರೂ ಇದಕ್ಕೆ ಹತ್ತಿರದ್ದನ್ನೇ ಕಂಡರು. ಅಪರಿಚಿತರು ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂತಾಗ ಬಂದದ್ದಕ್ಕಿಂತ, ನಿಧಾನವಾಗಿ ಕಣ್ಣು ಮುಚ್ಚಿ ತೆರೆದಾಗ ಬೆಕ್ಕುಗಳು ಅವರ ಕೈ ಹತ್ತಿರ ಬಂದದ್ದು ಜಾಸ್ತಿ.

ಬಾಲವನ್ನೂ ನೋಡಬೇಕಿತ್ತು. ನಡೆದು ಬರುವಾಗ ಬಾಲ ನೆಟ್ಟಗೆ ಮೇಲಿತ್ತು, ಅದು ಸ್ನೇಹ. ತೊಡೆ ಮೇಲೆ ಕೂತ ಶಾಟಿನಲ್ಲಿ ಬಾಲ ಪಟಪಟ ಬಡಿಯುತ್ತಿತ್ತು, ಅದು ಸಿಟ್ಟು. ಹಿನ್ನೆಲೆ ಸಂಗೀತ ಮಾತ್ರ ಖುಷಿಯದು. ಬಹುಶಃ ಯಾರೋ ಕ್ಯಾಮೆರಾ ಹಿಂದೆ ತಾರ್ಲೆ ಮೀನು ಹಿಡಿದು ಬೆಕ್ಕನ್ನು ಕಾಯಿಸುತ್ತಿದ್ದರು. ಇನ್ನೊಂದು: ಮೂರು ಬಣ್ಣದ ಆ ಬೆಕ್ಕನ್ನು ಕಂತಿನುದ್ದಕ್ಕೂ "ರಾಜ" ಅಂತ ಕರೆದರು. ಮೂರು ಬಣ್ಣದ್ದು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಕೇಸರಿ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ, ಕೇಸರಿ ಕಪ್ಪು ಎರಡೂ ಬರಬೇಕಾದರೆ ಎರಡು ಎಕ್ಸ್ ಬೇಕು, ಗಂಡಿಗೆ ಸಾಮಾನ್ಯವಾಗಿ ಇರುವುದು ಒಂದೇ. ಪತ್ತೇದಾರನಿಗೆ ಇಷ್ಟೂ ಕಾಣಲಿಲ್ಲವಲ್ಲ!

ಹಾಗಂತ ಬೆಕ್ಕು ಕಳ್ಳನನ್ನು ಹಿಡಿದೇ ಇಲ್ಲ ಅಂತಲ್ಲ. ಕೂದಲು ಉದುರಿಸಿ ಹಿಡಿದದ್ದಿದೆ. 1994ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಒಂದು ಕೊಲೆಯಾಯಿತು. ಪೊಲೀಸರಿಗೆ ರಕ್ತದ ಕಲೆಯಿದ್ದ ಚರ್ಮದ ಜಾಕೆಟ್ ಸಿಕ್ಕಿತು, ಅದರಲ್ಲಿ ಬೆಕ್ಕಿನ ಬಿಳಿ ಕೂದಲು. ಸಂಶಯವಿದ್ದವನ ಅಪ್ಪ ಅಮ್ಮನ ಮನೆಯಲ್ಲಿ ಸ್ನೋಬಾಲ್ ಎಂಬ ಬಿಳಿ ಬೆಕ್ಕಿತ್ತು. ಅದರ ರಕ್ತ ತೆಗೆದು ಡಿಎನ್‌ಎ ಹೋಲಿಸಿದರು, ತಾಳೆಯಾಯಿತು. ಅಷ್ಟಕ್ಕೇ ಬಿಡಲಿಲ್ಲ, ದ್ವೀಪದ ಇನ್ನೂ ಸುಮಾರು 20 ಬೆಕ್ಕುಗಳನ್ನು ಪರೀಕ್ಷಿಸಿದರು. ಊರಿನ ಬೆಕ್ಕುಗಳೆಲ್ಲ ನೆಂಟರೇ ಆಗಿದ್ದರೆ ಸಾಕ್ಷ್ಯ ನಿಲ್ಲುವುದಿಲ್ಲ ನೋಡಿ. ನಮ್ಮ ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಸುತ್ತ ಕೂರುವ ಒಂದೇ ಮುಖದ ಬೆಕ್ಕುಗಳನ್ನು ಕಂಡವರಿಗೆ ಈ ಅನುಮಾನ ಬೇಗ ಅರ್ಥವಾದೀತು. ಆ ದ್ವೀಪದಲ್ಲಿ ಹಾಗಿರಲಿಲ್ಲ, 1996ರಲ್ಲಿ ಸಂಶಯವಿದ್ದ ಆ ಮನುಷ್ಯನಿಗೆ ಶಿಕ್ಷೆಯಾಯಿತು.

ಇಷ್ಟು ಹೇಳುವಷ್ಟರಲ್ಲಿ ಚುಚ್ಚುಮದ್ದು ಮುಗಿದಿತ್ತು. ಬೆಕ್ಕು ಟೇಬಲ್ಲಿನಿಂದ ಹಾರಿ, ಅಕ್ಕೋರನ್ನೂ ನನ್ನನ್ನೂ ಬಿಟ್ಟು, ಬಾಗಿಲ ಬಳಿ ಗೋಡೆ ಕ್ಯಾಲೆಂಡರ್ ನೋಡುತ್ತ ನಿಂತಿದ್ದ ರಿಕ್ಷಾದವನ ಕಾಲಿಗೆ ಮೈ ಉಜ್ಜತೊಡಗಿತು. "ಅಯ್ಯೋ, ನಂಗೆ ಬೆಕ್ಕು ಆಗೂದೇ ಇಲ್ಲ" ಎಂದ ಅವನು. ಖಾಕಿ ಪ್ಯಾಂಟಿಗೆ ಆಗಲೇ ಬಿಳಿ ಕೂದಲು ಅಂಟಿತ್ತು.

ಅಕ್ಕೋರು ಕನ್ನಡಕ ಸರಿಮಾಡಿಕೊಂಡು ಅವನನ್ನೇ ನೋಡಿದರು. "ಅಲ್ವೋ ತಮ್ಮಾ, ಮೊನ್ನೆ ನಮ್ಮನೆ ಅಂಗಳದಲ್ಲಿ ನಾಕು ತೆಂಗಿನಕಾಯಿ ಕಾಣೆಯಾದ್ವಲ್ಲ..."