ಆ ಹೊಳೆಯುವ ಕಡ್ಡಿಯಲ್ಲಿ ರೇಡಿಯಂ ಇದೆಯಾ?

ಪ್ರಶ್ನೆ: ಸರ್, ಜಾತ್ರೆಯಲ್ಲಿ ಮಗಳಿಗೆ ಬಳೆ ಥರ ಕೈಗೆ ಹಾಕುವ ಹೊಳೆಯುವ ಕಡ್ಡಿ ಕೊಡಿಸಿದ್ವಿ. ರಾತ್ರಿ ಅದನ್ನು ಕಚ್ಚಿ ಒಡೆದಿದ್ದಾಳೆ. ನಾಲಿಗೆಗೆ ಸ್ವಲ್ಪ ತಾಗಿದೆ. ಅದರಲ್ಲಿ ರೇಡಿಯಂ ಇರುತ್ತೆ, ಮುಂದೆ ಕ್ಯಾನ್ಸರ್ ಬರುತ್ತೆ ಅಂತ ಮನೆಯಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ನಿಜಾನಾ?

ಉತ್ತರ: ಇಲ್ಲ. ಅದರಲ್ಲಿ ರೇಡಿಯಂ ಇಲ್ಲ.

ಮೊದಲು ಮಗುವಿನ ವಿಷಯ. ಬಾಯಿ ಚೆನ್ನಾಗಿ ಮುಕ್ಕಳಿಸಿ ಉಗಿಸಿ, ಆಮೇಲೆ ಕುಡಿಯಲು ನೀರು ಕೊಡಿ. ಆ ದ್ರವ ಕಹಿ, ಸ್ವಲ್ಪ ಉರಿಯಬಹುದು. ನಾಲಿಗೆಗೆ ತಾಗಿದ ಒಂದೆರಡು ಹನಿಯಿಂದ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಏನೂ ಆಗುವುದಿಲ್ಲ. ಆದರೆ ಕಡ್ಡಿಯ ಒಳಗೆ ತೆಳುವಾದ ಗಾಜಿನ ಕೊಳವೆ ಇರುತ್ತದೆ. ಅದರ ಚೂರು ಬಾಯಲ್ಲಿ ಉಳಿದಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಕಣ್ಣಿಗೆ ಹಾರಿದ್ದರೆ 15 ನಿಮಿಷ ನಲ್ಲಿ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ. ಮಗು ವಾಂತಿ ಮಾಡುತ್ತಿದ್ದರೆ ಅಥವಾ ಗಾಜು ನುಂಗಿದೆ ಅನ್ನಿಸಿದರೂ ಅಷ್ಟೇ, ಕಾಯುತ್ತಾ ಕೂರಬೇಡಿ.

ಇನ್ನು ರೇಡಿಯಂ ಕತೆಗೆ ಬರೋಣ. ಹೊಸ ವರ್ಷದ ರಾತ್ರಿ ಕಳೆದು ಎರಡು ದಿನಕ್ಕೆ ಈ ಪ್ರಶ್ನೆ ಬರುತ್ತದೆ. ಗಣೇಶನ ಮೆರವಣಿಗೆ ಮುಗಿದ ಮೇಲೆ ಮತ್ತೆ ಬರುತ್ತದೆ. ಕಳೆದ ವರ್ಷದ ಉತ್ತರವನ್ನೇ ಮತ್ತೆ ಕಳಿಸಿಬಿಡೋಣ ಅಂದುಕೊಂಡಿದ್ದೆ. ಅದನ್ನು ಓದಿದವರೊಬ್ಬರು, "ಸರ್, ರೇಡಿಯಂ ಇಲ್ಲ ಅಂದ್ರಿ ಸರಿ, ಆದ್ರೆ ಸ್ವಲ್ಪ ಇರುತ್ತೆ ಅಲ್ವಾ?" ಎಂದು ಬರೆದಿದ್ದರು. ಅದಕ್ಕೇ ಈ ಸಲ ಉದ್ದ ಬರೆಯುತ್ತಿದ್ದೇನೆ.

ತಪ್ಪು ನಿಮ್ಮದಲ್ಲ, ಆ ಪದದ್ದು. ಕತ್ತಲಲ್ಲಿ ಮಿನುಗುವ ಏನೇ ಆಗಲಿ, ನಮ್ಮಲ್ಲಿ ಅದಕ್ಕೆ ಒಂದೇ ಹೆಸರು. ಲಾರಿಯ ಹಿಂದೆ ಅಂಟಿಸುವುದು ರೇಡಿಯಂ. ಮಕ್ಕಳ ಕೋಣೆಯ ಸೂರಿಗೆ ಹಚ್ಚುವ ನಕ್ಷತ್ರ ರೇಡಿಯಂ. ಜಾತ್ರೆಯ ಕಡ್ಡಿಯೂ ರೇಡಿಯಂ. ಒಮ್ಮೆ ಸ್ಕೂಟರ್ ನಂಬರ್ ಪ್ಲೇಟಿಗೆ ಅಕ್ಷರ ಹಾಕಿಸಲು ಹೋಗಿದ್ದೆ. ಅಂಗಡಿಯವರು ಹಾಳೆಯನ್ನು ಬೆರಳಲ್ಲಿ ತಟ್ಟಿ, "ಒರಿಜಿನಲ್ ರೇಡಿಯಂ ಸಾರ್, ಐದು ವರ್ಷ ಗ್ಯಾರಂಟಿ" ಅಂದರು. ಒರಿಜಿನಲ್ ಆಗಿದ್ದರೆ ಗ್ಯಾರಂಟಿ 1600 ವರ್ಷ ಕೊಡಬಹುದಿತ್ತು. ಅಷ್ಟು ವರ್ಷ ಕಳೆದರೂ ರೇಡಿಯಂ ಅರ್ಧ ಮಾತ್ರ ಕರಗಿರುತ್ತದೆ. ಇದನ್ನು ಅವರಿಗೆ ಹೇಳಿದೆ. ಅವರು ಕತ್ತರಿ ನಿಲ್ಲಿಸದೆ ತಲೆ ಆಡಿಸಿದರು.

ಈ ಮೂರನ್ನೂ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಸ್ಟಿಕ್ಕರ್ ಚೂರು, ಒಂದು ನಕ್ಷತ್ರ, ಒಂದು ಕಡ್ಡಿ ತಗೊಂಡು ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿ, ಸಂದಿಯಿಂದ ನೋಡಿ. ಸ್ಟಿಕ್ಕರ್ ಕಾಣುವುದೇ ಇಲ್ಲ. ಅದಕ್ಕೆ ಸ್ವಂತ ಬೆಳಕಿಲ್ಲ. ಅದರಲ್ಲಿರುವ ಸಣ್ಣ ಗಾಜಿನ ಮಣಿಗಳು ಹೆಡ್‌ಲೈಟಿನ ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುತ್ತವೆ, ಅಷ್ಟೇ. ನಕ್ಷತ್ರ ಹೊಳೆಯುತ್ತದೆ, ಆದರೆ ಮೊದಲು ಟ್ಯೂಬ್‌ಲೈಟ್ ಕೆಳಗೆ ಇಟ್ಟಿದ್ದರೆ ಮಾತ್ರ. ಕುಡಿದ ಬೆಳಕನ್ನು ನಿಧಾನಕ್ಕೆ ಬಿಡುತ್ತಾ ಮಂಕಾಗುತ್ತದೆ. ಕಡ್ಡಿಗೆ ಯಾವ ಬೆಳಕೂ ತೋರಿಸಬೇಕಾಗಿಲ್ಲ. ಲಟಕ್ ಅಂತ ಬಗ್ಗಿಸಿದರೆ ಸಾಕು.

"ಹಾಗಾದ್ರೆ ಕಡ್ಡಿಯೇ ರೇಡಿಯಂ, ಅದಕ್ಕೆ ಬೆಳಕೇ ಬೇಡ ಅಲ್ವಾ?" ಅಂತ ಕೇಳುತ್ತೀರಿ, ಗೊತ್ತು. ಎರಡು ಲೋಟ ತನ್ನಿ. ಒಂದರಲ್ಲಿ ಐಸ್ ನೀರು, ಇನ್ನೊಂದರಲ್ಲಿ ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ ನೀರು. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೀಳಿಬಿಡುತ್ತದೆ. ಒಂದೇ ಬಣ್ಣದ ಎರಡು ಕಡ್ಡಿ ಬಗ್ಗಿಸಿ ಒಂದೊಂದರಲ್ಲಿ ಇಳಿಬಿಡಿ. ಬಿಸಿ ನೀರಿನದು ಧಗ್ಗನೆ ಹೊಳೆಯುತ್ತದೆ, ಐಸಿನದು ಮಂಕಾಗುತ್ತದೆ. ಲೋಟ ಅದಲು ಬದಲು ಮಾಡಿದರೆ ಬೆಳಕೂ ಅದಲು ಬದಲು. ಇದನ್ನು ತರಗತಿಯಲ್ಲಿ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕವಿಲ್ಲ. ಕೊನೆಯ ಬೆಂಚಿನವರೂ ಎದ್ದು ಮುಂದೆ ಬರುವ ಪಾಠ ಇದೊಂದೇ.

ರೇಡಿಯಂಗೆ ಚಳಿ, ಸೆಕೆ ಏನೂ ಗೊತ್ತಾಗುವುದಿಲ್ಲ. ಅದು ಒಡೆಯುವುದು ಪರಮಾಣುವಿನ ನಡುವಿನ ಬೀಜದಲ್ಲಿ. ನಿಮ್ಮ ಫ್ರಿಜ್ಜಿನ ತಂಪು ಅಲ್ಲಿಗೆ ತಟ್ಟುವುದೇ ಇಲ್ಲ. ಬಿಸಿಗೆ ಚುರುಕಾಗಿ ತಂಪಿಗೆ ನಿಧಾನವಾಗುವುದು ರಾಸಾಯನಿಕ ಕ್ರಿಯೆಯ ಗುಣ. ದೋಸೆ ಹಿಟ್ಟು ಬೇಸಿಗೆಯಲ್ಲಿ ಬೇಗ ಹುಳಿ ಬಂದ ಹಾಗೆ. ಅದೂ ಅಲ್ಲದೆ ನಿಮ್ಮ ಕಡ್ಡಿ ಬೆಳಗಾಗುವಷ್ಟರಲ್ಲಿ ಸತ್ತುಹೋಗಿರುತ್ತದೆ. ಒಂದೇ ರಾತ್ರಿಗೆ ಮುಗಿದುಹೋಗುವ ರೇಡಿಯಂ ಯಾವುದಿದೆ?

ನಿಜವಾದ ರೇಡಿಯಂ ಬಣ್ಣ ಒಂದು ಕಾಲದಲ್ಲಿ ಇತ್ತು. ಈ ಭಯ, ಈ ಹೆಸರು ಎರಡೂ ಬಂದಿರುವುದು ಅಲ್ಲಿಂದಲೇ. ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ ಕಂಡುಹಿಡಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಅದು ಗಡಿಯಾರದ ಮುಳ್ಳಿಗೆ ಬಳಿಯುವ ಬಣ್ಣವಾಗಿತ್ತು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಅಂಕಿ ಬರೆಯುತ್ತಿದ್ದರು. ಪ್ರತಿ ಸಲ ಒಂದಿಷ್ಟು ರೇಡಿಯಂ ಹೊಟ್ಟೆಗೆ ಹೋಗುತ್ತಿತ್ತು. ಅದು ಕ್ಯಾಲ್ಸಿಯಂ ಥರ ಮೂಳೆಯಲ್ಲಿ ಕೂತು ದವಡೆಯನ್ನೇ ತಿಂದುಹಾಕಿತು. ಹಲವರು ಸತ್ತರು. ಬದುಕಿದ್ದವರು ಕೋರ್ಟಿಗೆ ಹೋದರು, 1928ರಲ್ಲಿ ಪರಿಹಾರದ ರಾಜಿ ಆಯಿತು. ಆ ಬಣ್ಣದಲ್ಲೂ ಕಣ್ಣಿಗೆ ಕಾಣುತ್ತಿದ್ದ ಬೆಳಕು ರೇಡಿಯಂನದಲ್ಲ. ರೇಡಿಯಂ ಕಣ ಸಿಡಿಸುತ್ತಿತ್ತು, ಹೊಡೆತ ತಿಂದು ಹೊಳೆಯುತ್ತಿದ್ದದ್ದು ಜೊತೆಗೆ ಬೆರೆಸಿದ್ದ ಜಿಂಕ್ ಸಲ್ಫೈಡ್. ವರ್ಷಗಟ್ಟಲೆ ಏಟು ತಿಂದು ಜಿಂಕ್ ಸಲ್ಫೈಡ್ ಹಾಳಾಗುತ್ತದೆ, ಹೊಳಪು ಹೋಗುತ್ತದೆ, ರೇಡಿಯಂ ಹಾಗೇ ಕೂತಿರುತ್ತದೆ. ಹಾಗಾಗಿ ಮುತ್ತಜ್ಜನ ಕಾಲದ ವಿದೇಶಿ ವಾಚು ಅಟ್ಟದಲ್ಲಿ ಸಿಕ್ಕಿದರೆ, ಹೊಳೆಯುತ್ತಿಲ್ಲ ಅಂತ ಅದನ್ನು ಬಿಚ್ಚಿ ಕೆರೆಯಲು ಹೋಗಬೇಡಿ. ಹೆದರಬೇಕಾದದ್ದು ಅದಕ್ಕೆ.

ಸರಿ, ಕಡ್ಡಿಯೊಳಗೆ ಇರುವುದಾದರೂ ಏನು? ಅದರ ಮೂಲವೂ ನ್ಯೂಜೆರ್ಸಿಯೇ. ಟ್ರಾನ್ಸಿಸ್ಟರ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲಿ ಎಡ್ವಿನ್ ಚಾಂಡ್ರಾಸ್ ಎಂಬ ರಸಾಯನಶಾಸ್ತ್ರಜ್ಞ ಇದ್ದರು. ಟೆಲಿಫೋನ್ ಕಂಪನಿಯ ಲ್ಯಾಬಿನಲ್ಲಿ ಕೂತು ಬೆಳಕು ಕೊಡುವ ದ್ರವದ ಬಗ್ಗೆ ತಲೆಕೆಡಿಸಿಕೊಂಡ ಮನುಷ್ಯ. ಪೊಲೀಸರು ರಕ್ತದ ಕಲೆ ಹುಡುಕಲು ಬಳಸುವ ಲ್ಯೂಮಿನಾಲ್ ಬೆಳಕು ಕೊಡುತ್ತದೆ ಅಂತ 1928ರಿಂದಲೇ ಗೊತ್ತಿತ್ತು. ಅದು ಹೊಳೆಯಲು ಸಾಮಾನ್ಯವಾಗಿ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಪೆರಾಕ್ಸೈಡಿನಲ್ಲಿ ಎರಡು ಆಕ್ಸಿಜನ್ ನಡುವಿನ ಗಂಟು ಬಲು ಸಡಿಲ. ಅದು ಬಿಚ್ಚಿ ಬೇರೆ ಗಟ್ಟಿ ಗಂಟುಗಳು ಬೀಳುವಾಗ ಹೊರಬರುವ ಶಕ್ತಿಯನ್ನು ಬೆಳಕಾಗಿಸಬಹುದು ಎನ್ನುವುದು ಇಲ್ಲಿನ ಲೆಕ್ಕಾಚಾರ. 1963ರಲ್ಲಿ ಚಾಂಡ್ರಾಸ್ ಆಕ್ಸಲೈಲ್ ಕ್ಲೋರೈಡ್ ಎಂಬ ರಾಸಾಯನಿಕಕ್ಕೆ ಪೆರಾಕ್ಸೈಡ್ ಸೇರಿಸಿ, ಜೊತೆಗೆ ಒಂದು ಹೊಳೆಯುವ ಬಣ್ಣ ಹಾಕಿದರು. ಬೆಳಕು ಬಂತು. ಮಂಕು, ಆದರೆ ಬಂತು.

ಅದನ್ನು ಕೈಯಲ್ಲಿ ಹಿಡಿಯುವ ಕಡ್ಡಿ ಮಾಡಿದ್ದು ಅಮೆರಿಕನ್ ಸೈನಮಿಡ್ ಕಂಪನಿಯ ಮೈಕೆಲ್ ರಾಹುಟ್ ತಂಡ. ಅವರು ಆಕ್ಸಲೈಲ್ ಕ್ಲೋರೈಡ್ ಬಿಟ್ಟು ಫೀನೈಲ್ ಆಕ್ಸಲೇಟ್ ಎಸ್ಟರ್ ಎಂಬ ರಾಸಾಯನಿಕಗಳನ್ನು ಹಿಡಿದರು. ಬೆಳಕೂ ಹೆಚ್ಚಿತು, ಗಂಟೆಗಟ್ಟಲೆ ನಿಲ್ಲತೊಡಗಿತು. ಇವತ್ತಿನ ಕಡ್ಡಿಯಲ್ಲೂ ಅದೇ. ಗಾಜಿನ ಕೊಳವೆಯಲ್ಲಿ ಪೆರಾಕ್ಸೈಡ್, ಹೊರಗೆ ಎಸ್ಟರ್ ಮತ್ತು ಬಣ್ಣ. ಲಟಕ್ ಅಂದದ್ದು ಆ ಗಾಜು. ಎರಡೂ ಬೆರೆತಾಗ ಎರಡು ಕಾರ್ಬನ್ ಡೈಆಕ್ಸೈಡ್ ಬೆನ್ನಿಗೆ ಬೆನ್ನು ಅಂಟಿದ ಹಾಗಿರುವ ಅಸ್ಥಿರ ಅಣುವೊಂದು ಹುಟ್ಟುತ್ತದೆ. ಅದು ತನ್ನ ಶಕ್ತಿಯನ್ನು ಬಣ್ಣದ ಅಣುವಿಗೆ ದಾಟಿಸಿ, ತಾನು ಬರೀ ಗ್ಯಾಸ್ ಆಗಿ ಹೋಗುತ್ತದೆ. ಹೊಳೆಯುವುದು ಬಣ್ಣದ ಅಣು. ಅದಕ್ಕೇ ಡೈಫೀನೈಲ್ ಆಂಥ್ರಸೀನ್ ಹಾಕಿದರೆ ನೀಲಿ, ರುಬ್ರೀನ್ ಹಾಕಿದರೆ ಹಳದಿ. ಉಳಿದ ಅಡುಗೆ ಹೆಚ್ಚುಕಡಿಮೆ ಒಂದೇ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇದೇ ಚಾಂಡ್ರಾಸ್ ಉಲ್ಟಾ ಕೆಲಸವನ್ನೂ ಮಾಡಿದ್ದಾರೆ, ಅದನ್ನು ಯಾರೂ ಕೇಳುವುದೇ ಇಲ್ಲ. ಕಡ್ಡಿಯಲ್ಲಿ ಕ್ರಿಯೆಯಿಂದ ಬೆಳಕು ಬರುತ್ತದೆ. ಬೆಳಕು ಹಾಕಿ ಕ್ರಿಯೆ ಮಾಡಿಸಬಹುದಾ? ಮೇಲಿನ ನೀಲಿ ಬಣ್ಣದ ಹೆಸರಿನಲ್ಲಿದ್ದ ಆಂಥ್ರಸೀನ್ ಎಂಬ ವಸ್ತುವಿನ ಹರಳಿಗೆ ಅಲ್ಟ್ರಾವಯಲೆಟ್ ಬೆಳಕು ಬಿಟ್ಟರೆ ಎರಡೆರಡು ಅಣುಗಳು ಎದುರುಬದುರಾಗಿ ಹೊಲಿದುಕೊಳ್ಳುತ್ತವೆ. ಇನ್ನೂ ಗಿಡ್ಡ ಅಲೆಯ ಬೆಳಕು ಬಿಟ್ಟರೆ ಹೊಲಿಗೆ ಬಿಚ್ಚುತ್ತದೆ. 1966ರಲ್ಲಿ ಅವರು ಮತ್ತು ಫರ್ಗ್ಯುಸನ್ ಎಂಬ ಜೊತೆಗಾರರು ಈ ಬಿಚ್ಚುವಿಕೆಯನ್ನು ಹರಳಿನ ಒಳಗೇ ನೋಡಿದರು. ದ್ರವದಲ್ಲಾದರೆ ಬಿಚ್ಚಿದ ಅಣುಗಳು ಚದುರಿಹೋಗುತ್ತಿದ್ದವು. ಗಟ್ಟಿ ಹರಳಿನಲ್ಲಿ ಅವಕ್ಕೆ ಹೋಗಲು ಜಾಗವಿಲ್ಲ. ತುಂಬಿದ ಬಸ್ಸಿನಲ್ಲಿ ಜಗಳವಾಡಿದ ಇಬ್ಬರ ಹಾಗೆ ಮುಖಕ್ಕೆ ಮುಖ ಕೊಟ್ಟು ನಿಂತೇ ಇರುತ್ತವೆ. ಹಾಗೆ ನಿಂತ ಜೋಡಿ ಸೂಸುವ ಬೆಳಕು ಒಂಟಿ ಅಣುವಿನ ಬೆಳಕಿಗಿಂತ ಬೇರೆ, ಕೆಂಪಿನ ಕಡೆಗೆ ಸರಿದಿರುತ್ತದೆ.

ಆಂಥ್ರಸೀನ್ ಅಂದ ಕೂಡಲೇ ಮುಂದಿನ ಪ್ರಶ್ನೆ ಯಾವುದು ಅಂತ ನನಗೆ ಗೊತ್ತು. ನುಸಿ ಗುಳಿಗೆಯ ನ್ಯಾಫ್ತಲೀನ್ ಇದರ ತಮ್ಮ. ಅದರ ಅಣುವಿನಲ್ಲಿ ಎರಡು ಕಾರ್ಬನ್ ಉಂಗುರ, ಆಂಥ್ರಸೀನಿನಲ್ಲಿ ಮೂರು. ಗುಳಿಗೆಯನ್ನು ಬಿಸಿಲಲ್ಲಿ ಇಟ್ಟರೆ ಹೀಗೆ ಹೊಲಿದುಕೊಳ್ಳುತ್ತಾ? ಇಲ್ಲ. ಸುಮ್ನೆ ಆವಿಯಾಗಿ ಮುಗಿದುಹೋಗುತ್ತದೆ. ಸೀರೆ ಮಧ್ಯದಲ್ಲೇ ಇರಲಿ ಬಿಡಿ.